ರೈಲಿನ ಉಡಿ ತುಂಬುತ್ತಿದ್ದ ಸೋದರತ್ತೆ

ನಮ್ಮ ಸ್ಟೇಶನ್ ಉಳಿದದ್ದು ಅದನ್ನು ನೋಡಲು ಬಂದ ರೈಲ್ವೆ ಸಾಹೇಬರಿಗೆ ರೈಲು ತಪ್ಪಿದ್ದರಿಂದ. ಅಷ್ಟೇ. ಊರಿನವರು ಈಗ ನೂರೆಂಟು ಹೇಳುತ್ತಾರೆ. ಅರ್ಜಿ ಕೊಟ್ಟೆವು ಎನ್ನುವವರಿದ್ದಾರೆ, ಬೆಳಗಾವಿಗೆ ಹೋಗಿ ದೊಡ್ಡವರ ಕಾಲು ಹಿಡಿದೆವು ಎನ್ನುವವರಿದ್ದಾರೆ. ತನ್ನ ಹರಕೆಯಿಂದಲೇ ಉಳಿಯಿತೆಂದು ಸಾಯುವ ತನಕ ವರ್ಷಕ್ಕೊಂದು ಕಾಯಿ ಒಡೆಸಿದ ಮುದುಕನೂ ಒಬ್ಬನಿದ್ದ. ಒಡೆಸಲಿ ಬಿಡಿ, ಕಾಯಿ ಅವನದು. ಆದರೆ ನಾನು ಅಲ್ಲೇ ನಿಂತಿದ್ದೆ. ಸಾಹೇಬರಿಗೆ ರೈಲು ತಪ್ಪಿತು, ತಪ್ಪಿಸಿದವರು ನಮ್ಮ ಯಜಮಾನರ ಸೋದರತ್ತೆ. ಅದೂ ಬೇಕೆಂದು ತಪ್ಪಿಸಿದ್ದಲ್ಲ. ಬೇಕೆಂದು ಮಾಡಿದ ಒಂದು ಕೆಲಸವೂ ಅವರ ಕೈಯಲ್ಲಿ ನೆಟ್ಟಗಾದದ್ದನ್ನು ನಾನು ಕಂಡಿಲ್ಲ.

ಗೋಕಾಕ ತಾಲೂಕು ಮುಗಿದು ಹುಕ್ಕೇರಿ ತಾಲೂಕು ಶುರುವಾಗುವಲ್ಲಿ, ನಾಲ್ಕೂ ಕಡೆ ಎರೆಹೊಲ, ಮೇಲೆ ಮುಗಿಲು, ನಡುವೆ ನಮ್ಮ ಸ್ಟೇಶನ್. ಅಲ್ಲಿ ಯಾಕೆ ಕಟ್ಟಿದರು? ಊರಿನವರ ಮೇಲಿನ ಪ್ರೀತಿಗೇನೂ ಅಲ್ಲ. ಎಂಜಿನ್ನಿಗೆ ನೀರಡಿಕೆಯಾಗುತ್ತಿತ್ತು, ಅಲ್ಲೊಂದು ಬತ್ತದ ಬಾವಿ ಇತ್ತು. ಇಂಗ್ಲಿಷರು ಬಾವಿಯ ಬಾಜೂ ನೀರಿನ ಟಾಕಿ ಕಟ್ಟಿದರು. ಟಾಕಿ ನೋಡಿಕೊಳ್ಳಲು ಒಬ್ಬ ಮನುಷ್ಯ ಬೇಕಾಯಿತು, ಅವನಿಗೊಂದು ಮನೆ ಬೇಕಾಯಿತು, ಅವನ ಮೇಲೆ ಕಣ್ಣಿಡಲು ಒಬ್ಬ ಸ್ಟೇಶನ್ ಮಾಸ್ತರ ಬೇಕಾದ. ಮಾಸ್ತರನಿಗೆ ಚಹಾ ಬೇಕಾದದ್ದರಿಂದ ಒಂದು ಚಹಾದಂಗಡಿ ಆಯಿತು. ಹೀಗೆ ಎಂಜಿನ್ನಿನ ನೀರಡಿಕೆಯಿಂದ ಒಂದು ಓಣಿ ಹುಟ್ಟಿತು. ನಮ್ಮ ಯಜಮಾನರು ಅಲ್ಲಿ ಹಳಿ ಬದಲಿಸುವ, ಹಸಿರು ಕೆಂಪು ನಿಶಾನೆ ತೋರಿಸುವ ಕೆಲಸದಲ್ಲಿದ್ದರು. ಈಗ ಹೋಗಿ ನೋಡಿದರೆ ಹಳಿ ಅಗಲವಾಗಿದೆ, ಎಂಜಿನ್ನಿಗೆ ನೀರೂ ಬೇಡ, ಕಲ್ಲಿದ್ದಲೂ ಬೇಡ. ಟಾಕಿಯ ಕೆಳಗಿನ ನೆರಳಿನಲ್ಲಿ ಕಾಲೇಜಿಗೆ ಹೋಗುವ ಹುಡುಗಿಯರು ಮೊಬೈಲು ನೋಡುತ್ತ ನಿಂತಿರುತ್ತಾರೆ. ನಿಲ್ಲಲಿ. ರೈಲು ನಿಲ್ಲುತ್ತದಲ್ಲ, ಅದು ಮುಖ್ಯ.

ಸೋದರತ್ತೆ ನಮ್ಮ ಮನೆಗೆ ಬಂದದ್ದು ಸ್ವಾತಂತ್ರ್ಯ ಬಂದ ಹೊಸದರಲ್ಲಿ. ಗಂಡ ತೀರಿಹೋದ ಮೇಲೆ ಮೂಡಲಗಿಯಲ್ಲಿ ಮೈದುನನ ಮನೆಯಲ್ಲಿದ್ದರು. ಎರಡು ದಿನಕ್ಕೆಂದು ನಮ್ಮಲ್ಲಿಗೆ ಬಂದವರು ಹೋಗಲೇ ಇಲ್ಲ. ನಾನೂ ಕೇಳಲಿಲ್ಲ. ರೊಟ್ಟಿ ಬಡಿಯಲು ಎರಡು ಕೈ ಹೆಚ್ಚಾದರೆ ಯಾರು ಬೇಡವೆನ್ನುತ್ತಾರೆ?

ಮೂಡಲಗಿಗೆ ರೈಲಿಲ್ಲ. ಅತ್ತೆ ಎಂಜಿನ್ನನ್ನು ಹತ್ತಿರದಿಂದ ಕಂಡದ್ದು ನಮ್ಮಲ್ಲೇ ಮೊದಲು. ಪ್ಯಾಸೆಂಜರ್ ಗಾಡಿ ಬಂದು ನಿಂತಿತು. ಎಂಜಿನ್ನು ಉಸ್ಸೆಂದು ಏದುಸಿರು ಬಿಡುತ್ತ ಟಾಕಿಯ ಸೊಂಡಿಲಿನಿಂದ ಗಟಗಟ ನೀರು ಕುಡಿಯತೊಡಗಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದರು, ನೋಡಿದರು, ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು:

"ಬಸರಿ ಅದಾಳಲ್ಲ, ಪಾಪ."

"ಯಾರ್ರಿ?"

"ಈಕಿನ. ಹೊಟ್ಟಿ ನೋಡು, ಉಸರ ನೋಡು. ನೀರಡಿಕಿ ನೋಡು ಹ್ಯಾಂಗೈತಿ. ಇಂಥಾ ಹೊತ್ತಿನ್ಯಾಗ ಊರೂರು ತಿರಗಸಾಕತ್ತಾರ, ಇವರಿಗೇನರ ಕರಳು ಐತೇನು?"

ನಾನು ನಕ್ಕೆ. ಅವರು ನಗಲಿಲ್ಲ. ಮುಂದಿನ ಶುಕ್ರವಾರ ಒಂದು ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಎಲೆ ಅಡಿಕೆ, ಮೇಲೊಂದು ಹಸಿರು ಕುಪ್ಪಸದ ಕಣ ಇಟ್ಟುಕೊಂಡು ಹೊರಟರು. ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವುದಿಲ್ಲವಲ್ಲ, ಹಾಗೆ ಎಂಜಿನ್ನಿನ ಉಡಿ ತುಂಬಲಿಕ್ಕೆ! ಎಂಜಿನ್ನಿಗೆ ಸೆರಗು ಎಲ್ಲಿಯದು? ಮುಂದಿನ ಕಬ್ಬಿಣದ ಪಟ್ಟಿಯ ಮೇಲೆ ಕಣ ಹಾಸಿ, ಐದು ಸಲ ಅಕ್ಕಿ ಹಾಕಿ, ಅರಿಷಿಣ ಕುಂಕುಮ ಹಚ್ಚಿ, "ಸಾವಕಾಶ ಹೋಗವಾ" ಎಂದರು. ಡ್ರೈವರ್ ತಲೆ ಹೊರಗೆ ಹಾಕಿ ನೋಡಿದ.

"ಏನ್ ನಡಿಸೀರಿ ಅಲ್ಲಿ?"

"ನಿನಗಲ್ಲ ತಮ್ಮಾ, ಆಕಿಗೆ. ನೀ ಸುಮ್ಮನ ಕುಂದರು."

ಅಂದಿನಿಂದ ಪ್ರತಿ ಶುಕ್ರವಾರ ಇದೇ ನಡೆಯಿತು. ಮೊದಮೊದಲು ಡ್ರೈವರ್ ಬೈಯುತ್ತಿದ್ದ. ಅಕ್ಕಿ, ಕೊಬ್ಬರಿ ಕೊನೆಗೆ ತನ್ನ ಚೀಲಕ್ಕೇ ಬರುತ್ತವೆಂದು ತಿಳಿದ ಮೇಲೆ ಬೈಯುವುದನ್ನು ಬಿಟ್ಟ. ಕಲ್ಲಿದ್ದಲು ಹಾಕುವವನು ಒಮ್ಮೆ ಕಣದಿಂದ ಕೈಯೊರೆಸಿದ. ಅತ್ತೆ ಅವನನ್ನು ಕೆಳಗಿಳಿಸಿ, ಬಾವಿಗೆ ಕರೆದೊಯ್ದು, ಆ ಕಣವನ್ನು ಅವನಿಂದಲೇ ಒಗೆಸಿದರು. ರೈಲು ಅಲ್ಲಿಯವರೆಗೆ ನಿಂತೇ ಇತ್ತು.

ನಾನೊಮ್ಮೆ ಕೇಳಿದೆ, "ಮಾಲಗಾಡಿ ಬಂದಾಗ ಯಾಕ ತುಂಬೂದಿಲ್ರಿ, ಅದಕ್ಕೂ ಎಂಜಿನ್ ಐತಲ್ಲ?"

ಅತ್ತೆ ನನ್ನನ್ನು ಪೆದ್ದಿಯಂತೆ ನೋಡಿದರು. "ಅದು ಗಂಡಸು. ಯಾರನ್ನೂ ಮಾತಾಡಸೂದಿಲ್ಲ, ಹೊರೀ ಹೊರತೈತಿ, ಹೋಗತೈತಿ."

ನಮ್ಮ ಯಜಮಾನರು ಅಲ್ಲೇ ಊಟ ಮಾಡುತ್ತಿದ್ದರು. ತಲೆಯೆತ್ತಲಿಲ್ಲ.

ಹೀಗೆ ವರ್ಷಗಳು ಹೋದವು. ಅತ್ತ ಹಿಡಕಲ್ಲಿನಲ್ಲಿ ಆಣೆಕಟ್ಟಿನ ಮಾತು ನಡೆದಿದ್ದ ಕಾಲಕ್ಕೆ ಇತ್ತ ಹಳಿಯ ಮೇಲೆ ಹೊಸ ಎಂಜಿನ್ನುಗಳು ಬಂದವು. ಹೊಟ್ಟೆ ದೊಡ್ಡದು, ಒಮ್ಮೆ ಕುಡಿದರೆ ದೂರ ಓಡುತ್ತವೆ. ನಮ್ಮ ಟಾಕಿಯ ನೀರು ಯಾರಿಗೂ ಬೇಡವಾಯಿತು. ಒಂದು ದಿನ ಮಾಸ್ತರ ಬಾಗಿಲಲ್ಲಿ ನಿಂತು ಹೇಳಿದರು: "ಇಲ್ಲಿ ಟಿಕೀಟ ಖರ್ಚಾಗೂದಿಲ್ಲಂತ. ಗಾಡಿ ನಿಲ್ಲಸೂದು ಬಿಡ್ತಾರಂತ. ಶುಕ್ರವಾರ ಒಬ್ಬ ಸಾಹೇಬ ನೋಡಾಕ ಬರತಾನ."

ರೈಲು ನಿಲ್ಲದಿದ್ದರೆ ನಮಗೆ ಅಲ್ಲಿ ಕೆಲಸವಿಲ್ಲ. ಮೀರಜಿನ ಕಡೆ ವರ್ಗವಾಗುತ್ತದೆ, ಅಲ್ಲಿ ಕೊಡುವುದು ಒಂದೇ ಖೋಲಿ. ನಾವಿಬ್ಬರು, ಮಕ್ಕಳು, ಅದರಲ್ಲಿ ಅತ್ತೆ ಎಲ್ಲಿ ಮಲಗಬೇಕು? ಅವರು ಮೂಡಲಗಿಗೇ ವಾಪಸು ಹೋಗಬೇಕು. ಆ ಮನೆಯನ್ನು ನಾನು ಒಂದು ಮದುವೆಯಲ್ಲಿ ನೋಡಿದ್ದೆ. ತಿನ್ನಲು ಕೊರತೆಯಿಲ್ಲ. ಆದರೆ ಬಸುರಿಯ ಕುಬಸ, ತೊಟ್ಟಿಲು, ಮದುವೆ ಎಂದರೆ ವಿಧವೆ ಎದುರಿಗೆ ಬರಬಾರದೆಂದು ಅವರನ್ನು ಹಿತ್ತಲ ಖೋಲಿಯಲ್ಲಿ ಕೂಡಿಸಿ ಕದ ಮುಚ್ಚುತ್ತಿದ್ದರು. ದೊಡ್ಡ ಮನೆತನ, ತಿಂಗಳಿಗೊಂದು ಕಾರ್ಯ. ಲೆಕ್ಕ ನೀವೇ ಹಾಕಿ.

ಅತ್ತೆ ತಮ್ಮ ಎರಡು ಸೀರೆ ಮಡಚಿ ಗಂಟು ಕಟ್ಟಿ ಗೂಟಕ್ಕೆ ತೂಗುಹಾಕಿದರು. ಆಮೇಲೆ ಊರೊಳಗೆ ಹೋಗಿ ಮನೆಮನೆಗೆ ಹೇಳಿ ಬಂದರು: "ಶುಕ್ರವಾರ ಸಾಹೇಬ ಮಂದಿ ನೋಡಾಕ ಬರಾಕತ್ತಾನ. ಎಲ್ಲಾರೂ ಮುಂಜಾನಿ ರೈಲಿನ ಹೊತ್ತಿಗೆ ಸ್ಟೇಶನ್ನಿಗೆ ಬರ್ರಿ."

ಸ್ಟೇಶನ್ನಿಗೆ ಬರ್ರಿ ಅಂದರು. ಟಿಕೀಟು ತೆಗೆಸಿ, ರೈಲು ಹತ್ತಿ ಅಂತ ಹೇಳಲಿಲ್ಲ.

ಶುಕ್ರವಾರ ಸಾಹೇಬರು ಟ್ರಾಲಿಯಲ್ಲಿ ಕೂತು, ನಾಲ್ಕು ಜನರಿಂದ ಹಳಿಯ ಮೇಲೆ ತಳ್ಳಿಸಿಕೊಂಡು ಬಂದರು. ಟ್ರಾಲಿಯನ್ನು ಹಿಂದಕ್ಕೆ ಕಳಿಸಿದರು. ರೈಲಿಗೆ ಎಷ್ಟು ಜನ ಹತ್ತುತ್ತಾರೆಂದು ನೋಡಿ, ಅದೇ ರೈಲಿನಲ್ಲಿ ತಾವೂ ಮುಂದಕ್ಕೆ ಹೋಗುವುದು ಅವರ ವಿಚಾರ. ಅವತ್ತೇ ಗೋಕಾಕದಲ್ಲಿ ಸಂತೆಯೂ ಇತ್ತು. ಸಂತೆಗೆ ಹೋದವರನ್ನು ಬಿಟ್ಟು ಉಳಿದ ಊರೆಲ್ಲ ಸ್ಟೇಶನ್ನಿನಲ್ಲಿ. ಸಾಹೇಬರು ಮಾಸ್ತರರ ಕಡೆ ನೋಡಿದರು, ಮಾಸ್ತರರು ಎದೆ ಉಬ್ಬಿಸಿದರು.

ಈಗ ನಮ್ಮ ಜನರ ಸ್ವಭಾವ ಹೇಳಬೇಕು. ನಮ್ಮಲ್ಲಿ ಒಬ್ಬ ಊರಿಗೆ ಹೊರಟರೆ ಇಪ್ಪತ್ತು ಮಂದಿ ಕಳಿಸಲು ಬರುತ್ತಾರೆ. ಹೊರಟವನ ಕೈಯಲ್ಲಿ ಮೊಸರು ಹಾಕಿ, ಅದನ್ನು ಅವನು ನೆಕ್ಕಿದ ಮೇಲೆಯೇ ಬಿಡುವುದು; ಹೋದ ಕೆಲಸ ಆಗಲಿ ಅಂತ. ಇಷ್ಟು ಮಂದಿ ಬಂದು ನಿಂತರಲ್ಲ, ರೈಲು ಬಂದ ಕೂಡಲೇ ಒಬ್ಬರ ಮುಖ ಒಬ್ಬರು ನೋಡತೊಡಗಿದರು.

"ಯಾರ ಹೊಂಟಾರ?"

"ಯಾರಿಗ್ಗೊತ್ತು. ಚೀಲ ಯಾರ ಕೈಯಾಗೈತಿ ನೋಡು."

ಚೀಲ ಇದ್ದದ್ದು ಸಾಹೇಬರ ಕೈಯಲ್ಲಿ. ಮುಗಿಯಿತು. ಹೆಂಗಸರು ಸುತ್ತಿದರು. ಒಬ್ಬಳು ಅವರ ಬಲಗೈ ಹಿಡಿದು ಮೊಸರು ಹಾಕಿದಳು. ಮೊಸರನ್ನು ಚೆಲ್ಲುವ ಹಾಗಿಲ್ಲ, ನೆಕ್ಕಿದರು. ಅಷ್ಟರಲ್ಲಿ ಇನ್ನೊಬ್ಬಳು ಹಾಕಿದಳು. ಯಾರೋ ಬಗಲಿಗೆ ಬುತ್ತಿ ಸಿಕ್ಕಿಸಿದರು, ಯಾರೋ ಎಡಗೈಗೆ ಕಾಯಿ ಕೊಟ್ಟರು. ಒಬ್ಬ ಮುದುಕಿ ದೃಷ್ಟಿ ತೆಗೆದಳು. ಸಾಹೇಬರು ರೈಲು ಡಬ್ಬಿಯ ಬಾಗಿಲ ಮುಂದೆಯೇ ಇದ್ದರು. ಆದರೆ ಹಿಡಿಕೆ ಹಿಡಿಯಲು ಕೈ ಯಾವುದು ಖಾಲಿ ಇತ್ತು?

ಉಳಿದ ಶುಕ್ರವಾರಗಳಲ್ಲಿ ಅತ್ತೆ ಉಡಿ ತುಂಬುವುದು ಮುಗಿಯುವ ತನಕ ಆ ರೈಲು ಮಿಸುಕುತ್ತಿರಲಿಲ್ಲ. ಅಂದು ಸಾಹೇಬರು ಬಂದಿದ್ದಾರಲ್ಲ, ಎಲ್ಲರಿಗೂ ಶಿಸ್ತು ಬಂದಿತ್ತು. ಗಾರ್ಡ್ ಸರಿಯಾದ ಹೊತ್ತಿಗೆ ಸೀಟಿ ಊದಿದ, ಡ್ರೈವರ್ ಸರಿಯಾದ ಹೊತ್ತಿಗೆ ಹೊರಡಿಸಿದ. ಹಸಿರು ನಿಶಾನೆ ತೋರಿಸಿದವರು ನಮ್ಮ ಯಜಮಾನರು, ಬೆನ್ನು ನೆಟ್ಟಗೆ ಮಾಡಿಕೊಂಡು.

ರೈಲು ಹೋಯಿತು. ಜನ ಅಲ್ಲೇ ನಿಂತಿದ್ದರು. ಸಾಹೇಬರೂ ಅಲ್ಲೇ, ಅಂಗೈಯಲ್ಲಿ ಮೊಸರು ಇಟ್ಟುಕೊಂಡು.

"ಯಾರೂ ಹತ್ತಲಿಲ್ಲವಲ್ಲ?" ಎಂದರು.

ಆ ಹರಕೆಯ ಮುದುಕ ಮುಂದೆ ಬಂದ. "ನಾವ್ಯಾಕ ಹತ್ತೂದ್ರಿ ಸಾಹೇಬ್ರ? ನಾವು ನಿಮ್ಮನ್ನ ಕಳಸಾಕ ಬಂದೇವಿ."

"ನಾನೂ ಹೋಗಲಿಲ್ಲವಲ್ಲ."

"ಅದು ನಮಗೂ ಕೆಟ್ಟ ಅನಸಾಕತ್ತೈತಿ ನೋಡ್ರಿ."

ಸಾಹೇಬರು ನಗಲಿಲ್ಲ. ಒಬ್ಬರೂ ಹತ್ತಲಿಲ್ಲವೆಂದು ಬರೆದುಕೊಂಡರು. ಬರೆಯುವಾಗ ಮಾಸ್ತರರ ಎದೆ ಇಳಿಯುತ್ತ ಬಂದದ್ದನ್ನು ನಾನು ನೋಡಿದೆ. ಎಲ್ಲ ಮುಗಿಯಿತು ಎಂದುಕೊಂಡೆ.

ಅತ್ತೆ ಮಾತ್ರ ಟಾಕಿಯ ಹತ್ತಿರ ತಾಟು ಹಿಡಿದು ನಿಂತೇ ಇದ್ದರು. "ಬರೇ ಉಡೀಲೆ ಹೋದಳು," ಎಂದರು. ಅವರಿಗೆ ಅದೇ ದೊಡ್ಡದು.

ಇನ್ನು ಸಂಜೆಯವರೆಗೆ ರೈಲಿಲ್ಲ. ಬಿಸಿಲು ನೆತ್ತಿಗೇರಿದಾಗ ಸಾಹೇಬರು ನಮ್ಮ ಕಟ್ಟೆಯ ಮೇಲೆ ಬಂದು ಕೂತರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ, ಅತ್ತೆ ಬಡಿಸುತ್ತಿದ್ದರು. ಸಾಹೇಬರು ಮೈಸೂರು ಕಡೆಯವರು, ಬದನೆಕಾಯಿ ಎಣ್ಣೆಗಾಯಿ ಖಾರವಾಗಿ ಕಣ್ಣಲ್ಲಿ ನೀರು ಬಂದರೂ ಎರಡನೆಯ ರೊಟ್ಟಿ ಕೇಳಿದರು. ಆಮೇಲೆ ಮೂಲೆಯಲ್ಲಿದ್ದ ತಾಟು ನೋಡಿ ಕೇಳಿದರು:

"ಎಂಜಿನ್ನಿಗೆ ಉಡಿ ತುಂಬುತ್ತೀರಂತೆ. ಅದೇನು ತಾಯಿ, ಅದು ಕಬ್ಬಿಣ ಅಲ್ಲವೇ?"

"ಹೌದ್ರಿ, ಕಬ್ಬಿಣ. ನನಗೇನು ಕಣ್ಣಿಲ್ಲೇನ್ರಿ?"

"ಮತ್ತೆ?"

ಅತ್ತೆ ಪಲ್ಯ ಬಡಿಸುತ್ತ, ದನಿ ಏರಿಸದೆ, ಇಳಿಸದೆ ಹೇಳಿದರು: "ಮನಿಷ್ಯಾರ ಉಡಿ ತುಂಬಾಕ ನನಗ ಯಾರೂ ಬಿಡೂದಿಲ್ರಿ. ನನಗ ಹೆಣ್ಣಮಕ್ಕಳನ್ನ ಉಡಿ ತುಂಬಿ ಕಳಸೂದಂದ್ರ ಭಾಳ ಹೌಸಿ. ಆ ರೈಲಿಗೇನು ಗೊತ್ತಾಗತೈತ್ರಿ, ತುಂಬಾಕಿ ಮುತ್ತೈದಿ ಹೌದೋ ಅಲ್ಲೋ ಅಂತ. ಇನ್ನೊಂದೀಟು ಪಲ್ಯ ಹಾಕಲೇನ್ರಿ?"

ಸಾಹೇಬರು ಪಲ್ಯಕ್ಕೆ ತಾಟು ಒಡ್ಡಿದರು. ನನ್ನ ಹಂಚಿನ ಮೇಲಿನ ರೊಟ್ಟಿ ಸೀದಿತು.

ಸಂಜೆಯ ರೈಲು ಬಂತು. ಡಬ್ಬಿಗಳಿಂದ ಜನ ಇಳಿದರು. ಇಳಿದರು, ಇಳಿಯುತ್ತಲೇ ಇದ್ದರು. ಖಾಲಿ ಬುಟ್ಟಿ, ಹೊಸ ಕೊಡ, ಬೆಲ್ಲದ ಪೆಂಟೆ, ಕಾಲು ಕಟ್ಟಿದ ಕೋಳಿ. ಸಾಹೇಬರು ಎದ್ದು ನಿಂತರು.

"ಯಾರು ಇವರೆಲ್ಲ?"

"ನಮ್ಮೂರವರ್ರಿ. ಸಂತಿಯಿಂದ ಬಂದ್ರು," ಎಂದರು ಮಾಸ್ತರ.

"ಹೋದದ್ದು ಯಾವಾಗ? ನಾನು ನೋಡಲಿಲ್ಲ."

"ನಸುಕಿನ್ಯಾಗ ಮಾಲಿನ ಕೂಡ ಚಕ್ಕಡಿಯೊಳಗ ಹೋಗತಾರ್ರಿ. ನಿಮ್ಮ ರೈಲು ಬರೂತನಾ ಕುಂತ್ರ ಸಂತಿಯೊಳಗ ಜಾಗಾ ಎಲ್ಲಿ ಸಿಗತೈತ್ರಿ? ಬರಾಕಾದ್ರ ಗೋಕಾಕ ರೋಡ ಸ್ಟೇಶನ್ನಿನ್ಯಾಗ ಟಿಕೀಟ ತಗಸಿ ಬರತಾರ."

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಮಾಸ್ತರೇ?"

"ನೀವು ಹತ್ತೂ ಮಂದಿ ಕೇಳಿದ್ರಿ. ಇಳಿಯೂ ಮಂದಿ ಕೇಳಲಿಲ್ಲ."

ಸಾಹೇಬರು ಮುಂಜಾನೆ ಬರೆದದ್ದನ್ನು ಹೊಡೆದು ಹಾಕಿದರು. "ನಿಲ್ಲಿಸುವುದನ್ನು ತೆಗೆಯಬಾರದು ಅಂತ ಬರೆಯುತ್ತೇನೆ. ಬೆಳಗಿನ ಗಾಡಿಯನ್ನೂ ಸ್ವಲ್ಪ ಬೇಗ ತರಲು ಆಗುತ್ತದಾ ನೋಡುತ್ತೇನೆ," ಎಂದರು. ಎಂದವರು, ಯಾರಾದರೂ ಮೊಸರು ತರುವ ಮೊದಲೇ ಓಡಿಹೋಗಿ ಡಬ್ಬಿಯೊಳಗೆ ಕೂತು ಕಿಟಕಿಯ ಬಾಗಿಲು ಎಳೆದುಕೊಂಡರು. ಹೇಳಿದ ಹಾಗೆಯೇ ಬರೆದರೆಂದು ಕಾಣುತ್ತದೆ, ಯಾಕೆಂದರೆ ರೈಲು ಇವತ್ತಿಗೂ ನಿಲ್ಲುತ್ತದೆ.

ಅತ್ತೆ ಒಳಗೆ ಹೋಗಿ ಗೂಟದಿಂದ ಗಂಟು ಇಳಿಸಿ, ಸೀರೆಗಳನ್ನು ಹಗ್ಗದ ಮೇಲೆ ಹಾಕಿದರು.

ಮರುದಿನ ಮುಂಜಾನೆ ನಾನು ತಲೆಗೆ ಎರೆದುಕೊಂಡು, ಕುಂಕುಮ ಹಚ್ಚಿಕೊಂಡು, ಪಡಸಾಲೆಯಲ್ಲಿ ಮಣೆ ಹಾಕಿ ಮೂಡಣಕ್ಕೆ ಮುಖ ಮಾಡಿ ಕೂತೆ.

"ಅತ್ತಿ, ನಿನ್ನಿ ತಾಟು ಹಾಂಗ ಐತಲ್ಲ, ತರ್ರಿ ಇಲ್ಲೆ. ನನ್ನ ಉಡಿ ತುಂಬ್ರಿ."

ಅತ್ತೆ ಬಾಗಿಲಲ್ಲೇ ನಿಂತರು. "ಹುಚ್ಚಿ ಅದೀಯೇನ ನೀ? ನಾ ತುಂಬಬಾರದು. ನಿನಗ ಗಂಡ ಅದಾನ, ಮಕ್ಕಳದಾವು."

"ಗಂಡ ಹೊರಗ ನಿಶಾನಿ ಹಿಡಕೊಂಡು ಗಟ್ಟಿಮುಟ್ಟ ನಿಂತಾರ, ಅವರಿಗೇನೂ ಆಗೂದಿಲ್ಲ. ಒಲಿ ಮ್ಯಾಲ ಹಂಚ ಕಾಯಾಕತ್ತೈತಿ, ಲಗೂ ಬರ್ರಿ."

ಸೆರಗು ಒಡ್ಡಿಕೊಂಡು ಕೂತೆ. ಅವರು ಐದು ಸಲ ಅಕ್ಕಿ ಹಾಕಿ ಮುಗಿಸುವ ತನಕ ಏಳಲಿಲ್ಲ.