ಮಾವನ ಅರ್ಧ ಜೋಗುಳ

ನಮ್ಮ ಮಾವ ಊರಿಗೆ ಬಂದರೆಂದರೆ ಏನೂ ಆಗದ ದಿನವನ್ನು ಹುಡುಕಿಕೊಂಡು ಹೋಗಬೇಕಿತ್ತು. ಅವರಾಗಿ ಏನೂ ಮಾಡುತ್ತಿರಲಿಲ್ಲ. ಸುಮ್ಮನೆ ಕೂತು ಆಕಾಶ ನೋಡುತ್ತಿದ್ದರು. ಆಗುವುದೆಲ್ಲ ಅವರ ಸುತ್ತ ಆಗುತ್ತಿತ್ತು.

ಮಾವ ಎಂದರೆ ಅಮ್ಮನ ತಮ್ಮ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಹೇಗೋ ಲಂಡನ್ ಸೇರಿ, ಅಲ್ಲಿ ಜಮೈಕಾದವರ ಒಂದು ರೆಗೆ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದರು. ರೆಗೆ ಅಂದರೇನು ಮಾವ ಎಂದು ಕೇಳಿದ್ದಕ್ಕೆ, "ಎಲ್ಲಾರೂ ಏಟು ಹಾಕೋ ಕಡೆ ಸುಮ್ಮನಿರೋದು, ಎಲ್ಲಾರೂ ಸುಮ್ಮನಿರೋ ಕಡೆ ಏಟು ಹಾಕೋದು, ಅಷ್ಟೇ ಕಣಮ್ಮ" ಅಂದಿದ್ದರು. ನಮ್ಮ ವಂಶದ ಗಂಡಸರೆಲ್ಲ ಮಾತಾಡುವುದೂ ಹಾಗೇ ಆದ್ದರಿಂದ ನನಗೆ ತಕ್ಷಣ ಅರ್ಥವಾಯಿತು.

ಆ ಸಲ ಅವರು ಬಂದದ್ದು ಒಂದು ಹಾಡಿಗಾಗಿ. ಬ್ಯಾಂಡಿನವರು ಜಮೈಕಾಕ್ಕೆ ಹೋಗಿ ರೆಕಾರ್ಡು ಮಾಡುವುದೆಂದು ನಿಶ್ಚಯವಾಗಿತ್ತು. ಒಬ್ಬೊಬ್ಬರೂ ಅವರವರ ತಾಯಿ ಹಾಡುತ್ತಿದ್ದ ಒಂದು ಹಾಡನ್ನು ತರಬೇಕೆಂದು ಮಾತಾಗಿತ್ತು. ನಮ್ಮ ಅಜ್ಜಿ, ಎಂದರೆ ಮಾವನ ತಾಯಿ, ಅವರು ದೂರದಲ್ಲಿದ್ದಾಗಲೇ ತೀರಿಕೊಂಡಿದ್ದಳು. ಅವಳ ಜೋಗುಳ ಮಾವನಿಗೆ ನೆನಪಿದ್ದದ್ದು ಅರ್ಧ ಮಾತ್ರ. ಚಂದ್ರ ಕುರಿಮಂದೆಯ ಹಿಂದೆ ನಡೆದು ನಡೆದು ಬೆಟ್ಟ ಹತ್ತುತ್ತಾನೆ. ಆಮೇಲೆ ಎಲ್ಲಿಗೆ ಹೋಗುತ್ತಾನೆ? ಅಮ್ಮನಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಬ್ಬಳಿಗೇ, ಪಾವಗಡದಾಚೆಯ ಹಳ್ಳಿಯಲ್ಲಿದ್ದ ದೊಡ್ಡಜ್ಜಿಗೆ, ಅಜ್ಜಿಯ ಅಕ್ಕನಿಗೆ. ಆಕೆಯೋ ಮೊಮ್ಮಗಳ ಬಾಣಂತನಕ್ಕೆಂದು ಹಿಂದೂಪುರಕ್ಕೆ ಹೋಗಿ ಕೂತಿದ್ದಳು. ಬರುವುದು ಮಾವ ಹೊರಡುವ ವಾರಕ್ಕೆ. ಅಲ್ಲಿಯವರೆಗೆ ಸಿಕ್ಕಿದ್ದನ್ನೆಲ್ಲ ರೆಕಾರ್ಡು ಮಾಡೋಣವೆಂದು ಮಾವ ಒಂದು ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಹೊರಟರು.

ನಾನು ಆಗ ತಾನೇ ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಓದಿದ್ದೆಲ್ಲ ತುಮಕೂರಿನ ಕಾನ್ವೆಂಟಿನಲ್ಲಿ, ಇಂಗ್ಲಿಷಿನಲ್ಲಿ. ಲಂಡನ್ನಿನವರು ಬಂದಿದ್ದಾರೆ, ದುಭಾಷಿ ಬೇಕಾಗುತ್ತದೆ ಎಂದು ಅಪ್ಪ ನನ್ನನ್ನು ಜೊತೆಗೆ ಕಳಿಸಿದರು. ಮಾವನ ಕನ್ನಡ ನನ್ನ ಕನ್ನಡಕ್ಕಿಂತ ಎಷ್ಟೋ ಚೆನ್ನಾಗಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ನಾನೂ ಹೇಳಲಿಲ್ಲ, ನನಗೆ ಮಾತಾಡಲು ಸಂಕೋಚ.

ಕೊರಟಗೆರೆಯ ಮ್ಯಾಚು

ಮಾವ ವೆಸ್ಟ್ ಇಂಡೀಸಿನವರ ಜೊತೆ ಇದ್ದಾರೆ ಅನ್ನುವ ಸುದ್ದಿ ನಮಗಿಂತ ಮುಂಚೆ ಕೊರಟಗೆರೆ ತಲುಪಿತ್ತು. ನಮ್ಮವರು ಅದೇ ವೆಸ್ಟ್ ಇಂಡೀಸನ್ನು ಸೋಲಿಸಿ ವರ್ಲ್ಡ್ ಕಪ್ ಗೆದ್ದ ಮರುವರ್ಷ ಅದು. ಬಸ್ಸಿಳಿಯುತ್ತಿದ್ದಂತೆ ಊರಿನ ಕ್ರಿಕೆಟ್ ಟೀಮು ಬ್ಯಾಟು ಹಿಡಿದು ನಿಂತಿತ್ತು. ಕ್ಯಾಪ್ಟನ್ ಕರೆಂಟ್ ಆಫೀಸಿನ ಲೈನ್‌ಮನ್.

"ಸಾರ್, ಒಂದೇ ಒಂದು ಓವರು."

"ನಾನು ಗಿಟಾರ್ ನುಡಿಸೋನು ಕಣಯ್ಯಾ."

"ಬುಡಿ ಸಾರ್, ದೊಡ್ಡೋರು ಹಿಂಗೇ ಹೇಳೋದು."

ಮಾವ ಒಲ್ಲೆ ಅನ್ನಲಾರದವರು. ಬ್ಯಾಟು ಹಿಡಿದು ನಿಂತರು. ಮೊದಲ ಚೆಂಡು ಹೋಗಿ ವಿಕೆಟ್ಟು ಬಿದ್ದು, ಕೀಪರು ಅದನ್ನೆತ್ತಿ ಮತ್ತೆ ನೆಟ್ಟ ಮೇಲೆ ಮಾವ ನಿಧಾನವಾಗಿ ಬ್ಯಾಟು ಬೀಸಿದರು. ಎಲ್ಲರೂ ಸುಮ್ಮನಿರುವ ಕಡೆ ಏಟು ಹಾಕುವುದು ಅಂದರೆ ಏನೆಂದು ಆಗ ಕಣ್ಣಾರೆ ಕಂಡೆ. ಲೈನ್‌ಮನ್ ನನ್ನ ಹತ್ತಿರ ಬಂದು ಮೆಲ್ಲಗೆ ಅಂದ, "ನಮ್ಮೋರು ಅವತ್ತು ಹೆಂಗ್ ಗೆದ್ರು ಅಂತ ಇವತ್ತು ಗೊತ್ತಾಯ್ತು ಬುಡಿ ಮೇಡಂ."

ಉಸ್ತಾದರ ಮೌನ

ಶಿರಾದಲ್ಲಿ ಮದುವೆ ಬ್ಯಾಂಡ್‌ಸೆಟ್ಟಿನ ಉಸ್ತಾದರೊಬ್ಬರಿದ್ದರು. ಕ್ಲಾರಿಯೊನೆಟ್ ತುಟಿಗಿಟ್ಟರೆ ಎದುರಿನ ಬೇವಿನಮರ ಕೂಡ ಅಲ್ಲಾಡುವುದನ್ನು ನಿಲ್ಲಿಸಿದ ಹಾಗೆ ಅನ್ನಿಸುತ್ತಿತ್ತು. ಆ ದಿನ ಟೇಪ್ ರೆಕಾರ್ಡರಿನ ಜವಾಬ್ದಾರಿ ನನ್ನದು. ಕೆಂಪು ಗುಂಡಿಯನ್ನೂ ಅದರ ಪಕ್ಕದ್ದನ್ನೂ ಒಟ್ಟಿಗೆ ಒತ್ತಬೇಕು. ನಾನು ಒಂದನ್ನೇ ಒತ್ತಿದ್ದೆ.

ಎರಡು ನಿಮಿಷಕ್ಕೇ ನೋಡಿದೆ, ಒಳಗಿನ ಚಕ್ರ ತಿರುಗುತ್ತಿಲ್ಲ. ಹೇಳಬೇಕು. ಆದರೆ ಅಷ್ಟು ಚೆನ್ನಾಗಿ ನುಡಿಸುತ್ತಿರುವ ಹಿರಿಯರನ್ನು ನಡುವೆ ನಿಲ್ಲಿಸುವುದು ಹೇಗೆ? ಈ ಪಲುಕು ಮುಗಿಯಲಿ ಎಂದು ಕಾದೆ. ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಯಿತು. ಹೀಗೆ ಅರ್ಧ ಗಂಟೆ ಮರ್ಯಾದೆಯಿಂದ ಕೂತಿದ್ದೆ.

"ಹೆಂಗ್ ಬಂದೈತೆ, ಸುನಾಯಿಸಿ" ಅಂದರು ಉಸ್ತಾದರು. ಮಾವ ಟೇಪು ಹಾಕಿದರು. ಶ್ ಅನ್ನುವ ಸದ್ದು. ಉಸ್ತಾದರು ಕಣ್ಣು ಮುಚ್ಚಿದರು. ಒಂದು ನಿಮಿಷ ಹೋಯಿತು, ಎರಡು ಹೋಯಿತು. ನಾನು ಸೆರಗಿನ ತುದಿ ತಿರುಚುತ್ತಿದ್ದೆ. ಕೊನೆಗೆ ಅವರು ಕಣ್ಣು ಬಿಟ್ಟು ತಮ್ಮ ಶಿಷ್ಯರ ಕಡೆ ತಿರುಗಿದರು.

"ನೋಡಿದ್ರೇನಪ್ಪಾ? ಶುರುಮಾಡೋಕ್ ಮುಂಚೆ ಇಷ್ಟು ಸಬರ್ ಇರಬೇಕು, ಇಷ್ಟು ತಾಳ್ಮೆ. ಕಿತ್ನೀ ಸಲ ಹೇಳಿದೀನಿ ನಿಮಗೆ!"

ಅಂದಿನಿಂದ ಗುಂಡಿ ಮುಟ್ಟಕೂಡದೆಂದು ನನಗೆ ಆಜ್ಞೆಯಾಯಿತು. ಕ್ಯಾಸೆಟ್ಟಿನ ಮೇಲೆ ಊರಿನ ಹೆಸರು ಬರೆಯುವುದಷ್ಟೇ ಉಳಿಯಿತು.

ಹುಲಿಕುಂಟೆಯ ಕುರಿಗಳು

ಹುಲಿಕುಂಟೆಯಲ್ಲಿ ನಮ್ಮ ದಾಯಾದಿಯೊಬ್ಬ ಕುರಿ ಕಾಯುತ್ತಿದ್ದ. ಸಂಜೆ ಮಂದೆಯನ್ನು ಕರೆಯಲು ಅವನು ಗಂಟಲಲ್ಲಿ ಒಂದು ದನಿ ತೆಗೆಯುತ್ತಿದ್ದ. ಮಾತೂ ಅಲ್ಲ, ಹಾಡೂ ಅಲ್ಲ. ಕೇಳಿದರೆ ಮನುಷ್ಯರಾದ ನಮಗೂ ಎದ್ದು ಮನೆಗೆ ಹೋಗೋಣ ಅನ್ನಿಸುವಂಥದ್ದು. ಮಾವ ಅದನ್ನು ಟೇಪಿನಲ್ಲಿ ಹಿಡಿದುಕೊಂಡರು. ಬಸ್ಸು ಕಾಯುತ್ತ ರಸ್ತೆಬದಿಯ ಕಲ್ಲಿನ ಮೇಲೆ ಕೂತು ಮತ್ತೆ ಮತ್ತೆ ಕೇಳಿದರು. ನನಗೂ ಕಣ್ಣು ಮುಚ್ಚಿ ಬಂತು.

ಕಣ್ಣು ಬಿಟ್ಟರೆ ಸುತ್ತ ಕುರಿ. ರಸ್ತೆಯ ತುಂಬ ಕುರಿ. ಇನ್ನೂರು ಮುಖಗಳು ಟೇಪ್ ರೆಕಾರ್ಡರನ್ನೇ ನೋಡುತ್ತ ನಿಂತಿವೆ. ಬಂದ ಬಸ್ಸು ಹಾರನ್ ಹೊಡೆದೂ ಹೊಡೆದೂ ಸುಮ್ಮನಾಗಿ, ಡ್ರೈವರೂ ಇಳಿದು ಬೀಡಿ ಹಚ್ಚಿದ. ಹೊಲದ ಕಡೆಯಿಂದ ದಾಯಾದಿ ಏದುಸಿರು ಬಿಡುತ್ತ ಓಡಿಬಂದ. ಬೈಯುತ್ತಾನೆಂದು ನಾನು ಮಾವನ ಹಿಂದೆ ಸರಿದೆ.

ಅವನು ಕುರಿಗಳನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ, ತುಂಬ ಹೊತ್ತು ಏನನ್ನೋ ಯೋಚಿಸಿದ.

"ಅಣ್ಣಾ, ಇದನ್ನ ಒಂದ್ ಮೂರು ದಿನ ಇಲ್ಲಿ ಬುಟ್ಟೋಗಣ್ಣ. ನಾನು ಎಂಡ್ತಿ ಊರಿಗೆ ಹೋಗಿ ಹತ್ತು ವರ್ಷ ಆಯ್ತು."

ಯಾರು ಹೋದದ್ದು

ಕೊಡಿಗೇನಹಳ್ಳಿಯ ತಮಟೆಯವರ ಹಿರಿಯರು ಮೊದಲೇ ಕೇಳಿದ್ದರು, "ಯಾವ ಏಟು ಬೇಕು ಸ್ವಾಮಿ? ಮದುವೇದಾ, ದ್ಯಾವ್ರುದಾ, ಸಾವಿಂದಾ?" ಮೂರೂ ಎಂದರು ಮಾವ. "ಮೂರನೇದು ಊರೊಳಗೆ ಸುಮ್ಸುಮ್ಕೆ ಬಾರ್ಸಂಗಿಲ್ಲ" ಎಂದು ಹಿರಿಯರು ನಮ್ಮನ್ನು ಕೆರೆ ಏರಿಯಾಚೆ ಕರೆದುಕೊಂಡು ಹೋಗಿ, ಕಾಲಿನ ಚಪ್ಪಲಿ ಬಿಟ್ಟು, ಬಾರಿಸಿದರು. ನಿಧಾನ, ನಡುವೆ ದೊಡ್ಡ ದೊಡ್ಡ ಬಿಡುವು. ಮಾವನಿಗೆ ಹಿಡಿಸಿದ್ದು ಅದೇ.

ಮಾರನೆಯ ದಿನ ಮಧುಗಿರಿಯ ನಮ್ಮ ಮನೆಯ ಜಗುಲಿಯಲ್ಲಿ ಅದನ್ನು ಜೋರಾಗಿ ಹಾಕಿಕೊಂಡು ಗಿಟಾರಿಗೆ ಕೂಡಿಸುತ್ತ ಕೂತರು. ಕೆರೆ ಏರಿಯಾಚೆ ಬಾರಿಸಿದ್ದು ಯಾಕೆಂಬುದು ಅವರಿಗೆ ಮರೆತೇಹೋಗಿತ್ತು. ಎದುರಿನ ಟೀ ಅಂಗಡಿಯವನು ಅರ್ಧ ಬಾಗಿಲೆಳೆದ. ಪಕ್ಕದ ಮನೆಯಾಕೆ ಒಲೆ ಆರಿಸಿ ಬಂದು ನನ್ನನ್ನು ತಬ್ಬಿಕೊಂಡು ಗೊಳೋ ಅಂದಳು. ನನಗೆ ಅವಳನ್ನು ತಡೆಯಲು ಸಂಕೋಚವಾಗಿ, ನಾನೂ ಸ್ವಲ್ಪ ಅತ್ತೆ. ಅಪ್ಪನ ತಾಲ್ಲೂಕು ಕಚೇರಿಯವರು ದೊಡ್ಡ ಹಾರವನ್ನೇ ಹಿಡಿದು ಬಂದರು.

ಅಷ್ಟರಲ್ಲಿ ಸಂತೆಯಿಂದ ಬದನೆಕಾಯಿ ಚೀಲ ಹಿಡಿದು ಅಪ್ಪ ಬಂದರು. ಜನ ನೋಡಿ ಚಪ್ಪಲಿ ಬಿಟ್ಟು, ಚೀಲ ಕೆಳಗಿಟ್ಟು, ಕೈಕಟ್ಟಿ ಹಿಂದುಗಡೆ ನಿಂತರು. ಆಮೇಲೆ ಪಕ್ಕದಲ್ಲಿದ್ದ ಗುಮಾಸ್ತರನ್ನು ಕಿವಿಯಲ್ಲಿ ಕೇಳಿದರು, "ಪಾಪ, ಯಾರು ಹೋದದ್ದು?"

ಗುಮಾಸ್ತರು ಕಣ್ಣೊರೆಸಿಕೊಂಡು ತಿರುಗಿದರು. "ನೀವೇ ಸಾರ್."

ಖಾಲಿ ತೊಟ್ಟಿಲು

ಕೊನೆಗೂ ದೊಡ್ಡಜ್ಜಿ ಬಂದಳೆಂದು ಹೇಳಿಕಳಿಸಿದರು. ಮಾವನಿಗೆ ಉಳಿದದ್ದು ಅದೊಂದು ಮಧ್ಯಾಹ್ನ. ನಾಲ್ಕಕ್ಕೆ ವಾಪಸು ಬಸ್ಸು, ಮಾರನೆಯ ದಿನ ವಿಮಾನ. ಕಿಟಕಿಯಾಚೆ ಬಂಡೆಗಳು ಮಲಗಿದ ಆನೆಗಳ ಹಾಗೆ ಹಿಂದೆ ಹೋಗುತ್ತಿದ್ದವು. "ಹೋದ ಸಲವೇ ಕೇಳಬೇಕಿತ್ತು, ಅಮ್ಮ ಇದ್ದಳಲ್ಲಾ" ಎಂದರು ಮಾವ ಒಮ್ಮೆ.

ದೊಡ್ಡಜ್ಜಿ ಮಾವನ ಕೆನ್ನೆ ಸವರಿ, ಮೊಸರನ್ನ ಉಣ್ಣಿಸಿ, ಎಲ್ಲ ಕೇಳಿಸಿಕೊಂಡು, ಕೊನೆಗೆ ತನ್ನ ತೆಲುಗು ಬೆರೆತ ಕನ್ನಡದಲ್ಲಿ ಒಂದೇ ಮಾತು ಹೇಳಿದಳು, "ಆಗೋದಿಲ್ಲ ನಾಯನಾ."

"ಯಾಕ್ ದೊಡ್ಡಮ್ಮಾ?"

"ಮಗು ಎಲ್ಲೈತೆ? ಖಾಲಿ ತೊಟ್ಲು ತೂಗಬಾರ್ದು, ಮಗು ಇಲ್ದೆ ಜೋಗುಳ ಹಾಡಬಾರ್ದು. ಹಿಂದೂಪುರದಾಗೆ ಹೋದ್ ತಿಂಗ್ಳು ತಾನೇ ಒಂದು ಹುಟ್ಟೈತೆ. ಅದಕ್ಕೆ ಕೇಡಾದ್ರೆ?"

ಮಾವ ಓಣಿಯಲ್ಲಿ ಮನೆಮನೆಗೆ ಹೋಗಿ ಕೂಸು ಕೇಳಿದರು. ಹೆಗಲ ತನಕ ಕೂದಲು ಬಿಟ್ಟವನೊಬ್ಬ ಬಂದು ಅರ್ಧ ಗಂಟೆ ಮಟ್ಟಿಗೆ ಮಗು ಕೊಡಿ ಅಂದರೆ ಯಾರು ಕೊಡುತ್ತಾರೆ? ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಗಂಟೆ ಎರಡೂವರೆ. ಕೊನೆಗೆ ಅವರು ಹಿತ್ತಲಿನಿಂದ ಒಂದು ಮೇಕೆಮರಿ ಎತ್ತಿಕೊಂಡು ಬಂದರು.

"ಏಮ್ರಾ, ನಿಂಗೆ ಬುದ್ಧಿ ಐತಾ? ಅದು ಮಲಗ್ತದಾ, ತೊಟ್ಲು ಬಟ್ಟೆ ತಿಂತದೆ!" ಎಂದಳು ದೊಡ್ಡಜ್ಜಿ. ಮಾವ ಮರಿಯನ್ನು ಬಿಟ್ಟು ಗೋಡೆಗೊರಗಿ ಕುಸಿದು ಕೂತರು. ಆ ಮುಖ ನೋಡಿ ಮುದುಕಿಗೆ ಏನನ್ನಿಸಿತೋ, ಕಂಬಳಿ ಹಾಸಿ, ಕಾಲು ಚಾಚಿ, ತೊಡೆ ತಟ್ಟಿದಳು.

"ರಾ. ನನ್ ತಂಗಿ ಮಗ ನೀನು. ನನಗೆ ನೀನೇ ಮಗು. ಮಲಕ್ಕೋ."

ನಲವತ್ತು ದಾಟಿದ ಬೇಸ್ ಗಿಟಾರಿನವರು ಕಾಲು ಮಡಿಸಿ ಮಲಗಿದರು. ಮಡಿಸಿದರೂ ಕಾಲು ಹೊಸ್ತಿಲು ದಾಟಿ ಹೊರಗೆ ಹೋಗಿತ್ತು. ಒಂದು ಕೋಳಿ ಅದನ್ನು ದಾಟಿಕೊಂಡು ಒಳಗೆ ಬಂತು. ಟೇಪ್ ರೆಕಾರ್ಡರು ಅಷ್ಟು ದೂರದಲ್ಲಿ. ಮಲಗಿದವರಿಗೆ ಕೈಗೆಟುಕದು. ಮಾವ ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ಇಬ್ಬರಿಗೂ ಶಿರಾ ನೆನಪಾಯಿತು.

"ಎರಡು ಗುಂಡಿ ಕಣಮ್ಮ" ಎಂದರು ದೀನವಾಗಿ.

ದೊಡ್ಡಜ್ಜಿ ಮಾವನ ಎದೆ ತಟ್ಟುತ್ತ ಹಾಡಿದಳು. ದನಿ ನಡುಗುತ್ತಿತ್ತು, ಆದರೆ ಎಲ್ಲೂ ಒಡೆಯಲಿಲ್ಲ. ಕುರಿಗಳು ನಡೆದವು, ಹಿಂದೆ ಚಂದ್ರ ನಡೆದ. ಬಿಸಿಲು ಹಂಚಿನ ಸಂದಿಯಿಂದ ಇಳಿದು ಕಂಬಳಿಯ ಮೇಲೆ ಕೂತಿತ್ತು. ಚಂದ್ರ ಬೆಟ್ಟದ ಬುಡಕ್ಕೆ ಬರುವ ಹೊತ್ತಿಗೆ ಮಾವನ ಕಣ್ಣು ಮುಚ್ಚಿತು. ಬೆಟ್ಟ ಹತ್ತುವ ಹೊತ್ತಿಗೆ ಗೊರಕೆ ಶುರುವಾಯಿತು.

ಎಬ್ಬಿಸಬೇಕೇ? ದೊಡ್ಡಜ್ಜಿ ತುಟಿಯ ಮೇಲೆ ಬೆರಳಿಟ್ಟಳು. ಹಾಡು ಮುಂದುವರಿಯಿತು. ಬೆಟ್ಟ ಹತ್ತಿದ ಚಂದ್ರ ಮಗುವಿಗೆ ಹಾಲು ತಂದಿದ್ದನಂತೆ. ನೋಡಿದರೆ ಮಗು ಆಗಲೇ ಮಲಗಿತ್ತಂತೆ. ಎಬ್ಬಿಸಲು ಮನಸ್ಸಾಗದೆ ಹಾಲನ್ನು ಆಕಾಶದ ತುಂಬ ಚೆಲ್ಲಿ ಒಬ್ಬನೇ ಇಳಿದು ಹೋದನಂತೆ. ಈ ಸಲ ಕೂಡ ನಾನು ಚಕ್ರವನ್ನೇ ನೋಡುತ್ತಿದ್ದೆ. ತಿರುಗುತ್ತಿತ್ತು.

ಮಾವ ಎದ್ದದ್ದು ಮೂರು ಮುಕ್ಕಾಲಿಗೆ, ಬೆಚ್ಚಿಬಿದ್ದು. "ಮುಗೀತಾ? ದೊಡ್ಡಮ್ಮಾ, ಇನ್ನೊಂದ್ಸಲ!"

"ಮಲಗಿದ್ದಾಯ್ತಲ್ಲಾ. ನಿದ್ದೆ ಮಾಡಿ ಎದ್ದೋನಿಗೆ ಜೋಗುಳ ಯಾಕ್ರಾ?"

ಮಾವ ಟೇಪು ಹಿಂದಕ್ಕೆ ಸುತ್ತಿ ಹಾಕಿದರು. ದೊಡ್ಡಜ್ಜಿಯ ದನಿ ಬಂತು. ಮಾವ ನನ್ನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಗೊರಕೆಯೂ ಬಂತು, ದೊಡ್ಡಜ್ಜಿ ಉಸಿರು ತೆಗೆದುಕೊಳ್ಳುವ ಕಡೆಯೆಲ್ಲ ಸರಿಯಾಗಿ ಒಂದೊಂದು. ದೊಡ್ಡಜ್ಜಿ ಸೊಂಟ ಹಿಡಿದುಕೊಂಡು ನಕ್ಕಳು.

"ಚಿಕ್ಕೋನಿದ್ದಾಗ್ಲೂ ಇಂಗೇ! ನೀನು ಮರ್ತಿಲ್ಲ ಕಣ್ರಾ. ಬೆಟ್ಟ ಹತ್ತೋಗಂಟ ಎಂದಾದ್ರೂ ಎದ್ದಿದ್ರೆ ತಾನೇ ಮಿಕ್ಕಿದ್ದು ಗೊತ್ತಿರೋದು?"

ಬಸ್ಸಿನ ಹಾರನ್ ಕೇಳಿಸಿತು. ಉಳಿದದ್ದನ್ನು ಜಮೈಕಾಕ್ಕೆ ಹೋಗಿ ಕೇಳುತ್ತೇನೆಂದು ಮಾವ ಟೇಪು ನಿಲ್ಲಿಸಿ ಓಡಿದರು.

ಎರಡು ತಿಂಗಳಿಗೆ ಜಮೈಕಾದಿಂದ ಕಾಗದ ಬಂತು. ಒಳಗೆ ಸ್ವಲ್ಪ ಮರಳೂ ಇತ್ತು.

"ರೆಕಾರ್ಡಿಂಗು ಮುಗಿಯಿತು. ದೊಡ್ಡಮ್ಮನ ಹಾಡು ಕೇಳಿ ಎಲ್ಲರೂ ಮೂಕರಾದರು. ಆದರೆ ನಡುನಡುವೆ ಬರುವ ಆ ದಪ್ಪ ದನಿಯ ವಾದ್ಯ ಯಾವುದು, ಇಷ್ಟು ಸರಿಯಾಗಿ ಏಟು ಹಾಕುವವನು ಯಾರು ಎಂದು ಪೀಡಿಸುತ್ತಿದ್ದಾರೆ. ನಮ್ಮ ಮನೆತನದ ಹಳೆಯ ವಾದ್ಯ ಅಂದಿದ್ದೇನೆ. ಸುಳ್ಳಲ್ಲವಷ್ಟೆ. ಇನ್ನೊಂದು ವಿಷಯ, ನಿಮ್ಮಮ್ಮನಿಗೆ ಹೇಳಬೇಡ. ಇಲ್ಲಿ ಸಮುದ್ರದ ದಂಡೆಯಲ್ಲಿ ಟೇಪು ಹಾಕಿಕೊಂಡು ಒಂಬತ್ತು ಸಲ ಕೂತೆ. ಒಂಬತ್ತು ಸಲವೂ ಬೆಟ್ಟ ಹತ್ತಿದ್ದಷ್ಟೇ ಗೊತ್ತು. ಬ್ಯಾಂಡಿನವರನ್ನು ಕೇಳೋಣವೆಂದರೆ ಅವರಿಗೆ ಕನ್ನಡ ಬರುವುದಿಲ್ಲ. ಚಂದ್ರ ಆಮೇಲೆ ಎಲ್ಲಿಗೆ ಹೋದ, ದಯವಿಟ್ಟು ಬರೆ."

ದುಭಾಷಿಯಾಗಿ ನನಗೆ ಸಿಕ್ಕ ಮೊದಲನೆಯ ಕೆಲಸ ಅದು.