ವಾಟರ್ಲೂ ಇನ್ನೂ ಮುಗಿದಿಲ್ಲ ಸಾರ್

ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನೇ ಗೆದ್ದನೆಂದು ಪ್ರಾಮಾಣಿಕವಾಗಿ ನಂಬಿದ ಮೂವತ್ತೆರಡು ಮಂದಿ ಈ ಭೂಮಿಯ ಮೇಲೆ ಇದ್ದದ್ದುಂಟಾದರೆ ಅದು ಕಾರ್ಕಳದಲ್ಲಿ ಮಾತ್ರ. ಅವರಲ್ಲಿ ನಾನೂ ಒಬ್ಬಳು. ನಮಗೆ ಹಾಗೆ ಕಲಿಸಿದವರು, ಅಲ್ಲ, ಬೇರೆ ಥರ ಕಲಿಸದೆ ಬಿಟ್ಟವರು ನನ್ನ ಸೋದರಮಾವ.

ಐವತ್ತರ ದಶಕದ ಕೊನೆಯ ಮಾತಿದು. ಮಾವ ಚರಿತ್ರೆಯ ಮಾಸ್ಟ್ರು. ಮೂರು ವರ್ಷಗಳಲ್ಲಿ ನಮ್ಮದು ಅವರಿಗೆ ಮೂರನೆಯ ಶಾಲೆ, ಮೂರರಲ್ಲೂ ತಾತ್ಕಾಲಿಕ ಕೆಲಸ. ಮೊದಲು ಕಾಪುವಿನಲ್ಲಿದ್ದರು. ಭೂಮಿ ಗುಂಡಗಿದೆ ಎಂದು ಕೊಲಂಬಸ್ಸನಿಗೆ ಹೇಗೆ ತೋಚಿತು ಎಂದು ಮಕ್ಕಳು ಕಣ್ಣಾರೆ ನೋಡಲಿ ಎಂದು ಇಡೀ ಕ್ಲಾಸನ್ನು ದೀಪಸ್ತಂಭದ ಬಂಡೆಗೆ ಕರೆದುಕೊಂಡು ಹೋದರು. ದೂರದ ಹಡಗಿನ ಪಟ ಮೊದಲು ಕಾಣಬೇಕು, ಒಡಲು ಆಮೇಲೆ. ಬೆಳಗಿನಿಂದ ಸಂಜೆಯವರೆಗೆ ಕಾದರು. ಹಡಗು ಬರಲಿಲ್ಲ, ಹೆಡ್‌ಮಾಸ್ಟ್ರು ಬಂದರು. ಅವರ ಮುಂಡಾಸು ಮೊದಲು ಕಂಡಿತಂತೆ, ಒಡಲು ಆಮೇಲೆ!

ಉಡುಪಿಯಲ್ಲಿ ಕೈಗಾರಿಕಾ ಕ್ರಾಂತಿಯ ಪಾಠವನ್ನು ಹೋಟೆಲೊಂದರ ಅಡಿಗೆಮನೆಯಲ್ಲಿ, ಅಕ್ಕಿ ಕಡೆಯುವ ಕಲ್ಲಿನ ಎದುರೇ ನಿಂತು ಮಾಡಿದರು. ಯಂತ್ರ ಬಂದರೆ ಕೈಗೆ ಏನಾಗುತ್ತದೆ, ಕೈಗಳೆಲ್ಲ ಒಂದಾದರೆ ಧಣಿಗೆ ಏನಾಗುತ್ತದೆ ಎಂದೆಲ್ಲ ವಿವರಿಸಿದರು. ಮಕ್ಕಳಿಗೆ ಎಷ್ಟು ಅರ್ಥವಾಯಿತೋ ತಿಳಿಯದು, ಕಡೆಯುವವರಿಗೆ ಪೂರ್ತಿ ಅರ್ಥವಾಯಿತು. ಮರುದಿನ ಆ ಹೋಟೆಲಿನಲ್ಲಿ ಇಡ್ಲಿ ಇರಲಿಲ್ಲ. ಮುಂದಿನ ವರ್ಷ ಆ ಶಾಲೆಯಲ್ಲಿ ಮಾವ ಇರಲಿಲ್ಲ.

ಹಾಗೆ ಕಾರ್ಕಳಕ್ಕೆ ಬಂದು ನಮ್ಮ ಮನೆಯಲ್ಲೇ ಉಳಿದರು. ಇನ್ಸ್‌ಪೆಕ್ಟರು ಬಂದು ನಾಲ್ಕು ಒಳ್ಳೆಯ ಮಾತು ಬರೆದರೆ ಕೆಲಸ ಕಾಯಂ. ಇಲ್ಲವಾದರೆ ಬೇಸಿಗೆ ರಜೆಗೆ ಮತ್ತೆ ಟ್ರಂಕು ಕಟ್ಟಬೇಕು. ಅಮ್ಮ ದಿನವೂ ಹೇಳುತ್ತಿದ್ದಳು:

"ಪುಸ್ತಕದಲ್ಲಿ ಬರೆದದ್ದು ಉಂಟಲ್ವಾ? ಅದನ್ನು ಓದಿ ಹೇಳಿ ಸುಮ್ಮನೆ ಮನೆಗೆ ಬಾ."

"ಪುಸ್ತಕದಲ್ಲಿ ಉಂಟು ಅಂತಾದ ಮೇಲೆ ನಾನು ಎಂತಕ್ಕೆ ಅಕ್ಕ?"

ಹೈಸ್ಕೂಲಿನ ಮೊದಲ ವರ್ಷದವರಾದ ನಮಗೆ ಆಧುನಿಕ ಜಗತ್ತಿನ ಚರಿತ್ರೆ. ಮಾವ ಅದನ್ನು ತಾಳಮದ್ದಳೆ ಮಾಡಿಬಿಟ್ಟರು. ವೇಷವಿಲ್ಲದೆ, ಕುಣಿತವಿಲ್ಲದೆ, ಎದುರುಬದುರು ಕೂತು ಮಾತಿನಲ್ಲೇ ಯುದ್ಧ ಮಾಡುವ ಯಕ್ಷಗಾನ ಅದು. ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಪುಸ್ತಕದಿಂದ ಒಂದು ಸಾಲು ಓದುವರು, ಸ್ಕೇಲಿನಿಂದ ಮೇಜಿನ ಮೇಲೆ ಎರಡು ಪೆಟ್ಟು ಹಾಕುವರು, ಆಮೇಲೆ ಪಾತ್ರಧಾರಿಗಳು ಮಾತಾಡಬೇಕು. ನಿಯಮ ಒಂದೇ: ಎದುರಾಳಿಯ ಮಾತಿಗೆ ಉತ್ತರ ಇಲ್ಲದವನು ಸೋತ.

ನಾನು ಫ್ರಾನ್ಸಿನ ರಾಣಿ. ಪ್ರಜೆಗಳು ಬಂದು ಅನ್ನವಿಲ್ಲ ಎಂದಾಗ "ಹಾಗಾದರೆ ಕಡುಬು ತಿನ್ನಿ" ಎಂದೆ, ಬಹಳ ಗತ್ತಿನಿಂದ. ಹಿಂದಿನ ಬೆಂಚಿನಿಂದ ಒಬ್ಬ ಪ್ರಜೆ ಎದ್ದು, "ಕಡುಬಿಗೂ ಅಕ್ಕಿಯೇ ಬೇಕಲ್ವಾ ಮಹಾರಾಣಿ? ನೀವು ಅಡಿಗೆಮನೆಗೆ ಹೋದದ್ದು ಉಂಟಾ?" ಎಂದ. ನನಗೆ ಉತ್ತರ ತೋಚಲಿಲ್ಲ. ಹತ್ತೇ ನಿಮಿಷದಲ್ಲಿ ತಲೆ ಹೋಯಿತು.

ತೊಡಕಾದದ್ದು ವಾಟರ್ಲೂವಿನಲ್ಲಿ. ನೆಪೋಲಿಯನ್ ಆದವನು ನಿಟ್ಟೆಯ ಲಾರೆನ್ಸ್. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ. ಮೂರರಲ್ಲೂ ಅವನ ಬಾಯಿಗೆ ಬೀಗವಿಲ್ಲ. ಬಜಗೋಳಿಯ ಸುಧಾಕರ ಇಂಗ್ಲಿಷರ ಸೇನಾಪತಿ. ಪಾಪ, ಹಾಜರಿ ಕೂಗಿದರೂ ಯೋಚಿಸಿ ಉತ್ತರಿಸುವವನು.

"ನೀನು ಸೋತೆ, ನಾವು ನಿನ್ನನ್ನು ದ್ವೀಪಕ್ಕೆ ಹಾಕಿದೆವು" ಎಂದ ಸುಧಾಕರ.

"ಸೋತವನನ್ನು ಸಮುದ್ರದ ನಡುವೆ ಇಟ್ಟು ಸುತ್ತ ಕಾವಲು ಹಾಕಿದ್ದು ಎಂತಕ್ಕೆ ಮಾರಾಯ? ಗೆದ್ದವನು ನೀನಾದರೆ, ಹೆದರಿದವನೂ ನೀನೇ ಯಾಕೆ?"

ಸುಧಾಕರ ಮಾಡಿನ ಹೆಂಚು ನೋಡಿದ. ಗಂಟೆ ಹೊಡೆಯಿತು.

"ನಾಳೆ ಹೇಳ್ತೇನೆ ಸಾರ್" ಎಂದ. ಮರುದಿನವೂ ಅದನ್ನೇ ಹೇಳಿದ. ಬಸ್ಸಿನಲ್ಲಿ ತುಟಿ ಅಲ್ಲಾಡಿಸುತ್ತ ಬರುವುದು, ಬುತ್ತಿ ಬಿಚ್ಚಿ ಉಣ್ಣಲು ಮರೆಯುವುದು, ಸಂಜೆ ಹೋಗುವಾಗ "ನಾಳೆ ಖಂಡಿತ" ಎನ್ನುವುದು. ಯುರೋಪಿನ ಚರಿತ್ರೆ ಎರಡು ವಾರ ಅಲ್ಲೇ ನಿಂತಿತು. ನಿಂತ ಚರಿತ್ರೆಯೊಳಗೇ ಒಂದು ಬೆಳಿಗ್ಗೆ ಇನ್ಸ್‌ಪೆಕ್ಟರು ಬಂದರು.

ಅವರು ಪುಸ್ತಕ ತಿರುವಿ ಸುಲಭದ ಪ್ರಶ್ನೆಯನ್ನೇ ಕೇಳಿದರು, ಅದು ಅವರ ಒಳ್ಳೆಯತನ. "ವಾಟರ್ಲೂವಿನಲ್ಲಿ ಗೆದ್ದವರು ಯಾರು?"

ಲಾರೆನ್ಸ್ ಎದ್ದುನಿಂತ. "ಸದ್ಯಕ್ಕೆ ನಾನು ಸಾರ್."

"ನೀನು ಅಂದರೆ?"

"ನೆಪೋಲಿಯನ್ ಸಾರ್."

ಸುಧಾಕರನೂ ಎದ್ದ. "ಇನ್ನೂ ಮುಗಿದಿಲ್ಲ ಸಾರ್. ನಾನು ಯೋಚನೆಯಲ್ಲಿ ಇದ್ದೇನೆ."

ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಒರೆಸಿ ಮಾವನ ಕಡೆ ತಿರುಗಿದರು. "ಈ ವರ್ಷದ ಮಕ್ಕಳು ಸ್ವಲ್ಪ ಮಂದ ಅಂತ ಕಾಣ್ತದೆ, ಅಲ್ವಾ ಮಾಸ್ಟ್ರೇ?"

ಹೌದು ಎಂದಿದ್ದರೆ ಸಾಕಿತ್ತು. ಮೂವತ್ತೆರಡು ದಡ್ಡರ ನಡುವೆ ಒಬ್ಬ ಬಡ ಮಾಸ್ಟ್ರು ಏನು ತಾನೇ ಮಾಡಿಯಾನು? ಕೆಲಸ ಕಾಯಂ ಆಗುತ್ತಿತ್ತು. ಅದು ನನಗೇ ತಿಳಿಯಿತು, ಮಾವನಿಗೆ ತಿಳಿಯದೆ ಇರುತ್ತದೆಯೇ? ಅವರು ಸ್ಕೇಲನ್ನು ಮೇಜಿನ ಮೇಲಿಟ್ಟು, "ಇಲ್ಲ ಸಾರ್, ಮಕ್ಕಳು ಚುರುಕಿದ್ದಾರೆ. ನಾನು ಹೇಳಿಕೊಟ್ಟ ನಿಯಮದ ಪ್ರಕಾರವೇ ಉತ್ತರ ಹೇಳಿದರು" ಎಂದರು. ಇನ್ಸ್‌ಪೆಕ್ಟರು ಏನೋ ಬರೆದುಕೊಂಡರು. ಉದ್ದವಾಗಿಯೇ ಬರೆದರು.

ಸಂಜೆ ಮನೆಗೆ ಬಂದು ನಡೆದದ್ದನ್ನು ನಾನೇ ಅಮ್ಮನಿಗೆ ಒಪ್ಪಿಸಿದೆ. ಮಾವ ಜಗಲಿಯಲ್ಲಿ ಬೈಗುಳಕ್ಕೆ ತಯಾರಾಗಿ ಕೂತಿದ್ದರು. ಅಮ್ಮ ಒದ್ದೆ ಕೈಯಲ್ಲೇ ಹೊರಗೆ ಬಂದಳು.

"ಆ ಲಾರೆನ್ಸನ ಮಾತಿಗೆ ಉತ್ತರವೇ ಇಲ್ವಾ?"

"ಉಂಟು."

"ನಿನಗೆ ಗೊತ್ತಿತ್ತಾ?"

"ಮೊದಲ ದಿನವೇ ಗೊತ್ತಿತ್ತು."

"ಮತ್ತೆ ಆ ಹುಡುಗನಿಗೆ ಹೇಳಿಕೊಡಬಾರದಿತ್ತಾ? ನಿನ್ನ ಅನ್ನ ಹೋಯ್ತಲ್ಲ."

"ಸುಧಾಕರ ಹುಡುಕ್ತಾ ಇದ್ದ ಅಕ್ಕ. ಅವನು ಹಾಗೆ ಯಾವುದನ್ನೂ ಹುಡುಕಿದವನೇ ಅಲ್ಲ. ನಡುವೆ ಬಾಯಿ ಹಾಕ್ಲಿಕ್ಕೆ ನನಗೆ ಮನಸ್ಸಾಗ್ಲಿಲ್ಲ."

ಅಮ್ಮ ಬೈಯುತ್ತಾಳೆ ಎಂದು ನಾನು ಕಾದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. ಅಜ್ಜಿ ತೀರಿಕೊಂಡಾಗ ಮಾವ ತೊಟ್ಟಿಲಲ್ಲಿದ್ದರಂತೆ. ತೊಟ್ಟಿಲು ತೂಗಲು ಮನೆಯಲ್ಲಿ ಬೇರೆ ಹೆಂಗಸರಿಲ್ಲ ಎಂದು ಅಮ್ಮನನ್ನು ಮೂರನೇ ಕ್ಲಾಸಿನಲ್ಲೇ ಶಾಲೆ ಬಿಡಿಸಿದರಂತೆ. ಇದನ್ನು ಅವಳು ಯಾವತ್ತೂ ಹೇಳಿದವಳಲ್ಲ. ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

"ನನಗೆ ಹೇಳಿಕೊಡು" ಎಂದಳು. "ನೆಪೋಲಿಯನ್ ಅಂದರೆ ಯಾರು, ಅಲ್ಲಿಂದ ಸುರು ಮಾಡು."

ಮಾವ ಎದ್ದುಹೋಗಿ ಒಳಗಿನಿಂದ ಚಾಪೆ ತಂದು ತಮ್ಮ ಎದುರಿಗೆ ಹಾಸಿದರು. ಅಮ್ಮ ಅದರ ಮೇಲೆ ಕೂತಳು, ಕಾಲು ಮಡಚಿ, ಕೈ ಕಟ್ಟಿಕೊಂಡು.