ಕಾಕಾರ ಉಲ್ಟಾ ಫ್ಯಾನು

ಖಂಡ ಸುಡುವ ವಿಷಯದಲ್ಲಿ ನಮ್ಮ ಕಾಕಾರಷ್ಟು ತಿಳಿದವರು ಶಹಾಬಾದದಿಂದ ವಾಡಿಯವರೆಗೆ ಇನ್ನೊಬ್ಬರಿರಲಿಲ್ಲ. ಎಷ್ಟು ಕಾವಿಗೆ ಕುರಿಯ ತೊಡೆ ಮೆತ್ತಗಾಗುತ್ತದೆ, ಎಂಥ ಹೊಗೆಗೆ ಬಣ್ಣ ಏರುತ್ತದೆ, ಎಲ್ಲವೂ ಅವರಿಗೆ ಬಾಯಿಪಾಠ. ಒಂದೇ ಒಂದು ಸಣ್ಣ ಕೊರತೆ ಎಂದರೆ, ಹುಟ್ಟಿದಾಗಿನಿಂದ ಅವರು ಖಂಡವನ್ನು ಬಾಯಿಗೆ ಹಾಕಿದವರಲ್ಲ! ಹಣೆಗೆ ಅಂಗಾರ ಅಕ್ಷತೆ, ತೋಳಿಗೆ ಗೋಪೀಚಂದನದ ಮುದ್ರೆ, ಏಕಾದಶಿ ಬಂದರೆ ಹನಿ ನೀರೂ ಇಲ್ಲ. ಇಂಥವರು ಖಂಡದ ಅಂಗಡಿಗೆ ಯಂತ್ರ ಮಾಡಿಕೊಟ್ಟರು ಎಂದರೆ ನೀವು ನಂಬುತ್ತೀರಾ? ಕಣ್ಣಾರೆ ಕಂಡ ನಾನೇ ಇನ್ನೂ ಪೂರ್ತಿ ನಂಬಿಲ್ಲ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಸಿಮೆಂಟ್ ಕಾರ್ಖಾನೆಯಲ್ಲಿ ಭಟ್ಟಿಯ ಕಾವು ತೋರಿಸುವ ಮೀಟರುಗಳನ್ನು ನೋಡಿಕೊಳ್ಳುವುದು ಅವರ ನೌಕರಿ. ಅದೇ ಭಟ್ಟಿಯ ಮುಂದೆ ಭೀಮಶಾ ದುಡಿಯುತ್ತಿದ್ದ. ಕಾಗಿಣಾ ಹೊಳೆಯ ದಂಡೆಯ ಮನೆತನದವನು. ಇಬ್ಬರೂ ಮಧ್ಯಾಹ್ನ ಒಂದೇ ಗಿಡದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ಭೀಮಶಾ ಮೊದಲು ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿ, ತನ್ನ ಬುತ್ತಿಯ ವಾಸನೆ ಕಾಕಾರ ಕಡೆ ಹೋಗದಂತೆ ಆಚೆ ಬದಿಗೆ ಕೂಡುತ್ತಿದ್ದನಂತೆ. ಊಟದ ನಡುವೆ ಗಾಳಿ ತಿರುಗಿದರೆ ರೊಟ್ಟಿ ಎತ್ತಿಕೊಂಡು ತಾನೂ ತಿರುಗುತ್ತಿದ್ದನಂತೆ.

ಕಾರ್ಖಾನೆ ಬಂದ್ ಆಯಿತು. ಕಾಕಾ ಮನೆಯಲ್ಲಿ ರೇಡಿಯೋ, ಮಿಕ್ಸರ್ ಬಿಚ್ಚುತ್ತ ಕೂತರು. ಭೀಮಶಾ ವಾಡಿ ಸ್ಟೇಷನ್ನಿನ ಹೊರಗೆ ಹೊಗೆ ಖಂಡದ ಅಂಗಡಿ ಇಟ್ಟ. ಮುಚ್ಚಳವಿರುವ ಒಂದು ಡ್ರಮ್ಮು, ತಳದಲ್ಲಿ ಇದ್ದಲಿಯ ಕೆಂಡ, ಮೇಲೆ ತಂತಿಗೆ ತೂಗುಬಿಟ್ಟ ಖಂಡ. ಕೆಂಡ ಕುಂದಿದರೆ ಊದಬೇಕು, ಏರಿದರೆ ಕಿಂಡಿ ಮುಚ್ಚಬೇಕು, ಇದು ದಿನವಿಡೀ ನಡೆಯಬೇಕು. ಆದರೆ ಕಾರ್ಖಾನೆಯ ಧೂಳು ಅವನ ಎದೆಯಲ್ಲಿ ದಮ್ಮನ್ನು ಬಿಟ್ಟುಹೋಗಿತ್ತು. ಗುಲಬರ್ಗಾದ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, "ಇನ್ನ ಬೆಂಕಿ ಊದಿದ್ರ ನಿನ್ನ ಉಸುರು ಉಳಿಯಂಗಿಲ್ಲ ನೋಡಪಾ" ಅಂದುಬಿಟ್ಟರು. ಅಂಗಡಿ ಮುಚ್ಚಿದರೆ ಮನೆ ನಡೆಯುವುದಿಲ್ಲ, ತೆರೆದರೆ ಎದೆ ನಡೆಯುವುದಿಲ್ಲ. ಹೆಣ್ಣುಮಕ್ಕಳು ಲಗ್ನವಾಗಿ ಹೋಗಿದ್ದರು. ಹೆಂಡತಿ ಖಾರ ಅರೆದು, ಖಂಡ ತೊಳೆದು ಕೊಡುವಷ್ಟರಲ್ಲೇ ದಣಿಯುತ್ತಿದ್ದಳು.

ಸುದ್ದಿ ಕೇಳಿದ ಕಾಕಾ ಒಂದೇ ಮಾತು ಹೇಳಿದರು: "ಊದೂದು ಮನಷ್ಯಾನ ಕೆಲಸ ಅಲ್ಲ, ಮಷೀನಿನ ಕೆಲಸ."

ಮರುದಿನವೇ ಗುಜರಿಯಿಂದ ಹಳೆಯ ಜೀಪಿನ ಗಾಳಿ ಊದುವ ಫ್ಯಾನು ಬಂತು, ಯಾವುದೋ ಲ್ಯಾಬಿನ ಓವನ್ನಿನಿಂದ ಕಿತ್ತ ಥರ್ಮೋಸ್ಟಾಟ್ ಬಂತು, ಹೊಚ್ಚಹೊಸ ಡ್ರಮ್ಮೊಂದು ಬಂತು. ನಾನಾಗ ಚಿತ್ತಾಪುರದ ಶಾಲೆಯಲ್ಲಿ ಕನ್ನಡ ಟೀಚರು. ರವಿವಾರ ಮನೆಗೆ ಬಂದರೆ, ಅಂಗಳದ ಪರಸಿ ಕಲ್ಲಿನ ಮೇಲೆ ಈ ಮೂರೂ ಒಂದಕ್ಕೊಂದು ವಾಯರಿನಿಂದ ಬಿಗಿದುಕೊಂಡು ಕೂತಿದ್ದವು.

"ಇದೇನ್ರಿ ಕಾಕಾ?"

"ಭಾಳ ಸರಳ ಅದ. ಡ್ರಮ್ಮು ತಣ್ಣಗಾತು ಅಂದ್ರ ಫ್ಯಾನ್ ತಿರಗತದ. ಬಿಸಿ ಆತು ಅಂದ್ರ ನಿಂದರತದ."

ನಾನು ಯೋಚಿಸಿದೆ. ಮತ್ತೆ ಯೋಚಿಸಿದೆ. ಶಹಾಬಾದದ ಬೇಸಿಗೆಯಲ್ಲಿ ಹುಟ್ಟಿ ಬೆಳೆದವಳಿಗೆ, ಸೆಕೆಯಾದಾಗ ನಿಲ್ಲುವ, ತಂಪಾದಾಗ ತಿರುಗುವ ಫ್ಯಾನು ಹೇಗೆ ತಾನೇ ತಲೆಗೆ ಹತ್ತಬೇಕು?

ಕಾಕಾರ ಹೆಂಡತಿ, ನಮ್ಮ ಕಾಕು, ಒಳಗಿನಿಂದಲೇ ಕೂಗಿದರು: "ಉಲ್ಟಾ ಕುಂದರಿಸೀರಿ, ಬಿಚ್ಚಿ ಸೀದಾ ಕುಂದರಸ್ರಿ!"

"ಉಲ್ಟಾ ಅಲ್ಲs! ಇದು ನಮ್ಮನ್ನ ತಂಪ ಮಾಡೂ ಫ್ಯಾನ್ ಅಲ್ಲ, ಕೆಂಡ ಊದೂ ಫ್ಯಾನ್!"

"ಬೆಂಕಿಗಿ ಫ್ಯಾನ್ ಹಚ್ಚೂ ಮನಷ್ಯಾ, ಅಡಗಿಮನ್ಯಾಗ ಒಂದ್ ಫ್ಯಾನ್ ಹಚ್ಚಿಕೊಟ್ಟೀರೇನು?"

ಕಾಕಾ ಬಗ್ಗಿ, ಬಿಗಿದಿದ್ದ ಸ್ಕ್ರೂವನ್ನೇ ಮತ್ತೆ ಬಿಗಿಯತೊಡಗಿದರು. ಅಡುಗೆಮನೆಗೆ ಇವತ್ತಿಗೂ ಫ್ಯಾನಿಲ್ಲ.

ಇನ್ನು ಯಂತ್ರವನ್ನು ಪರೀಕ್ಷೆ ಮಾಡಬೇಕಲ್ಲ! ಮನೆಯಲ್ಲಿ ಖಂಡವಂತೂ ಸಾಧ್ಯವಿಲ್ಲ. ಕಾಕಾ ಬದನೆಕಾಯಿ ತೂಗುಬಿಟ್ಟರು. ಫ್ಯಾನು 'ಗರ್ರ್' ಅಂದಾಗ ನಾವೆಲ್ಲ ಬೆಚ್ಚಿಬೀಳುವುದು, ಅದು ನಿಂತಾಗ ಕೆಟ್ಟಿತೆಂದು ಗಾಬರಿಯಾಗುವುದು, ಹೀಗೇ ಮಧ್ಯಾಹ್ನ ಕಳೆಯಿತು. ಹೊಗೆಯಲ್ಲಿ ಬೆಂದ ಆ ಬದನೆಕಾಯಿಗೆ ಬಳ್ಳೊಳ್ಳಿ ಇಲ್ಲದೆಯೇ ಕಾಕು ಒಗ್ಗರಣೆ ಕೊಟ್ಟರು ನೋಡಿ, ನಮ್ಮಜ್ಜಿ ಎರಡು ಸಲ ಹಾಕಿಸಿಕೊಂಡು ಉಂಡರು! ಉಂಡು ಕೈ ತೊಳೆದ ಮೇಲೆ, ಆ ಡ್ರಮ್ಮು ನಾಳೆ ಎಲ್ಲಿಗೆ ಹೋಗುತ್ತದೆ ಎಂದು ಯಾರೋ ಬಾಯಿಬಿಟ್ಟರು.

ಮನೆಯಲ್ಲಿ ಹಾಹಾಕಾರವಾಯಿತು. ನಾಳೆ ಖಂಡ ಬೇಯಲಿರುವ ಡ್ರಮ್ಮಿನಲ್ಲಿ ಇಂದು ಬೆಂದ ಬದನೆಕಾಯಿ ಮೈಲಿಗೆಯೋ, ಮಡಿಯೋ? ಮೈಲಿಗೆ ಹಿಂದಕ್ಕೂ ಹರಿಯುತ್ತದೆಯೇ? ಅಪ್ಪ ಇಲ್ಲವೆಂದರು, ಅಜ್ಜಿ ಹೌದೆಂದರು, ಕಾಕು ಒಗ್ಗರಣೆ ಬಿದ್ದ ಮೇಲೆ ಲೆಕ್ಕ ಬೇರೆ ಎಂದರು. ಕೊನೆಗೆ ಸೇಡಂನಿಂದ ಬಂದ ನಮ್ಮ ಪುರೋಹಿತರ ಮುಂದೆ ವ್ಯಾಜ್ಯ ಹೋಯಿತು. ಅವರು ಕಣ್ಣು ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು.

"ಶಾಸ್ತ್ರದಾಗ ಇಂಥಾದ್ದು ನಾ ನೋಡಿಲ್ಲ. ಬದನಿಕಾಯಿ ಉಳದಿದ್ರ ಒಂದೀಟು ಹಾಕ್ರಿ, ರುಚಿ ನೋಡಿ ಹೇಳತೀನಿ."

ಉಳಿದದ್ದನ್ನೆಲ್ಲ ತಿಂದು, ತೀರ್ಪು ಹೇಳದೆಯೇ ರೈಲು ಹತ್ತಿದರು.

ಡ್ರಮ್ಮು ವಾಡಿಗೆ ಹೋಯಿತು. ನಿಜವಾದ ಗೊಂದಲ ಶುರುವಾದದ್ದು ಅಲ್ಲಿಯೇ. ಕಾವು ಸರಿಯಾಗಿ ಕೂಡಿಸಬೇಕಾದರೆ ಖಂಡ ಹೇಗೆ ಬೆಂದಿದೆ ಎಂದು ತಿಳಿಯಬೇಕು. ಕಾಕಾ ತಿನ್ನುವಂತಿಲ್ಲ. ಭೀಮಶಾನನ್ನು ಕೇಳಿದರೆ ಯಾವಾಗಲೂ ಒಂದೇ ಉತ್ತರ: "ಭಾಳ ಛಲೋ ಆಗ್ಯಾದ್ರಿ ಆಚಾರ್ರೆ!" ಹಸಿ ಇದ್ದರೂ ಛಲೋ, ಇದ್ದಲಿಯಾಗಿದ್ದರೂ ಛಲೋ. ಅವನ ಮರ್ಯಾದೆ ಕಾಕಾರ ವಿಜ್ಞಾನಕ್ಕೆ ಅಡ್ಡ ಬಂತು.

ಕಾಕಾ ಉಪಾಯ ಹುಡುಕಿದರು. ಗಿರಾಕಿಗಳ ದವಡೆ ನೋಡುವುದು! ಹೆಚ್ಚು ಹೊತ್ತು ಅಗಿದರೆ ಕಾವು ಸಾಲದು, ಬೇಗ ನುಂಗಿದರೆ ಸರಿಯಾಗಿದೆ. ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡ ಆಚಾರ್ಯರೊಬ್ಬರು ದೂರದಲ್ಲಿ ನಿಂತು, ಖಂಡ ತಿನ್ನುವವರ ಬಾಯನ್ನೇ ಕಣ್ಣು ಪಿಳುಕಿಸದೆ ನೋಡುವ ದೃಶ್ಯವನ್ನು ನೀವೇ ಊಹಿಸಿಕೊಳ್ಳಿ. ಒಬ್ಬ ಲಾರಿ ಡ್ರೈವರನಿಗೆ ತಡೆಯಲಾಗಲಿಲ್ಲ. ತಟ್ಟೆ ಹಿಡಿದು ಎದ್ದು ಬಂದ.

"ಸ್ವಾಮೇರ, ಎಷ್ಟೊತ್ತಂತ ನೋಡ್ತೀರಿ? ಯಾರಿಗೂ ಹೇಳಂಗಿಲ್ಲ, ಒಂದ್ ತುಂಡ ತಗೋರಿ!"

ಕಾಕಾ ಹಳಿ ದಾಟಿ ಆಚೆಯ ಪ್ಲಾಟ್‌ಫಾರ್ಮಿಗೆ ಓಡಿದ್ದನ್ನು ಭೀಮಶಾ ನಗುತ್ತ ಹೇಳುತ್ತಿದ್ದ. ನಕ್ಕರೆ ಕೆಮ್ಮು, ಕೆಮ್ಮಿದರೆ ದಮ್ಮು. ಆದರೂ ಹೇಳುತ್ತಿದ್ದ.

ಏನೇ ಆಗಲಿ, ಫ್ಯಾನು ಕೆಲಸ ಮಾಡಿತು. ಭೀಮಶಾ ಊದುವುದು ತಪ್ಪಿತು, ಅಂಗಡಿ ಉಳಿಯಿತು. ಚಿಂಚೋಳಿ ಕಡೆಯ ಗಿರಾಕಿಗಳೂ ವಾಡಿಯಲ್ಲಿ ರೈಲು ಇಳಿದರೆ ಅವನ ಅಂಗಡಿ ಹುಡುಕುತ್ತಿದ್ದರು. ಆದರೆ ಸೇರಿಹೋದ ಧೂಳು ಎಲ್ಲಿ ಹೋಗಬೇಕು? ಭೀಮಶಾನಿಗೆ ಬರಬರುತ್ತ ಅಡ್ಡಾಗಲೂ ಆಗದಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೊರಗಿ ಕೂತೇ ರಾತ್ರಿ ಕಳೆಯುತ್ತಿದ್ದ. ಕಾಕಾ ದಿನವೂ ಪ್ಯಾಸೆಂಜರ್ ಹತ್ತಿ ವಾಡಿಗೆ ಹೋಗತೊಡಗಿದರು. ಕೇಳಿದರೆ, "ಥರ್ಮೋಸ್ಟಾಟಿಗಿ ಸ್ವಲ್ಪ ನೋಡಬೇಕಾಗೇದ" ಎನ್ನುತ್ತಿದ್ದರು. ದಿನವೂ ಕೆಡುವ ಅದೆಂಥ ಥರ್ಮೋಸ್ಟಾಟಪ್ಪಾ ಎಂದು ನಾವು ಆಡಿಕೊಂಡು ನಗುತ್ತಿದ್ದೆವು.

ಒಂದು ಬೇಸಿಗೆಯ ಮಧ್ಯಾಹ್ನ ನಾನು ವಾಡಿಯಲ್ಲಿ ಇಳಿದೆ. ಅಂಗಡಿಯ ಬೆಂಚಿನ ಮೇಲೆ ಭೀಮಶಾ ಮಲಗಿದ್ದ. ಡ್ರಮ್ಮಿನ ಪಕ್ಕದಲ್ಲಿ ಕಾಕಾ ಕುಕ್ಕರಗಾಲಿನಲ್ಲಿ ಕೂತು, ಕಿಂಡಿಗೆ ಬೀಸಣಿಗೆ ಬೀಸುತ್ತಿದ್ದರು. ಅದು ನಮ್ಮ ದೇವರ ಕೋಣೆಯ ಬೀಸಣಿಗೆ. ಕಾಕು ವಾರದಿಂದ ಹುಡುಕುತ್ತಿದ್ದದ್ದು!

"ಕರೆಂಟ್ ಹೋಗ್ಯಾದೇನ್ರಿ ಕಾಕಾ?"

ಕಾಕಾ ತುಟಿಯ ಮೇಲೆ ಬೆರಳಿಟ್ಟರು. ಪಕ್ಕದ ಚಹಾದಂಗಡಿಯಲ್ಲಿ ಫ್ಯಾನು ಭರ್ಜರಿಯಾಗಿ ತಿರುಗುತ್ತಿತ್ತು. ನನಗೆ ಎಂದಿನಂತೆ ಏನೂ ತಿಳಿಯಲಿಲ್ಲ.

"ಮತ್ತ ಮಷೀನ್ ಕೆಟ್ಟದೇನು?"

"ಕೆಟ್ಟಿಲ್ಲ. ನಾನs ಬಂದ್ ಮಾಡೀನಿ" ಎಂದು ಪಿಸುಗುಟ್ಟಿದರು. "ಶುರು ಆಗೂ ಮುಂದ ಗರ್ರ್ ಅಂತದ. ಎಚ್ಚರಾಗತಾನ. ಎಷ್ಟ್ ದಿನದ ಮ್ಯಾಲ ಇವತ್ತ ಅಡ್ಡಾಗ್ಯಾನ ನೋಡು, ಮಕ್ಕೊಳ್ಳಿ."

ನಾನು ಬೀಸಣಿಗೆಗೆ ಕೈ ಚಾಚಿದೆ. "ಬ್ಯಾಡ, ನಿನಗ ಕಾವು ತಿಳಿಯಂಗಿಲ್ಲ" ಎಂದರು.

ಅಷ್ಟರಲ್ಲಿ ಗಾಳಿ ತಿರುಗಿತು. ಮುಚ್ಚಳದ ಸಂದಿಯಿಂದ ಹೊಗೆ ಬೆಂಚಿನ ಕಡೆಗೆ ಹೊರಳಿತು. ಕಾಕಾ ತಲೆಯೆತ್ತಿ ಗಾಳಿ ನೋಡಿದರು. ಎದ್ದು, ಡ್ರಮ್ಮಿಗೂ ಭೀಮಶಾನಿಗೂ ನಡುವೆ ಬಂದು ಕೂತರು. ಮೂಗಿನ ಮೇಲಿದ್ದ ಧೋತರದ ಚುಂಗನ್ನು ಬಿಚ್ಚಿ ಹಿಂದೆ ಮಲಗಿದ್ದವನ ಮುಖಕ್ಕೆ ಮರೆ ಮಾಡಿದರು. ಖಂಡದ ಹೊಗೆಯೆಲ್ಲ ಅವರ ಮುಖಕ್ಕೇ ಬಂತು. ಬೀಸುವುದನ್ನು ನಿಲ್ಲಿಸಲಿಲ್ಲ.